ನಾನು ಬರೆದ ಏಕವಚನ

ಬೂದಿ ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟ ಹಿಮ್ಮಡಿ, ಪಕ್ಕಕ್ಕೆ ಅಗಲವಾಗಿ ಚಾಚಿಕೊಂಡ ಹೆಬ್ಬೆರಳು. ಆ ಬರಿಗಾಲಲ್ಲಿ ಅವರು ಹಲಗೆಯ ಹಾದಿಯ ಮೇಲೆ ನಡೆದರೆ ಬೆನ್ನ ಹಿಂದೆ ಬರುವವರಿಗೂ ಸಪ್ಪಳ ಕೇಳಿಸುತ್ತಿರಲಿಲ್ಲ. ಸುರಪುರದ ಕಡೆಯ ನಮ್ಮ ಪಕ್ಷಿಧಾಮದಲ್ಲಿ ಅವರು ಕಾವಲುಗಾರರು. ಎಲ್ಲರಿಗೂ ಚಾಚಾ.

ಕೆರೆಯ ಜೊಂಡಿನ ನಡುವೆ ಹಾಯುವ ಆ ಮರದ ಹಾದಿಗೆ ಏರಿಲ್ಲ, ಇಳಿಜಾರಿಲ್ಲ. ಮೊಣಕಾಲು ನೋವಿನ ನನ್ನಂಥವನೂ ಅರ್ಧ ಗಂಟೆಯಲ್ಲಿ ಹೋಗಿ ಬರಬಹುದು. ಪ್ರತಿ ರವಿವಾರ ಹೋಗುತ್ತಿದ್ದೆ. ಚಪ್ಪಲಿ ಮಾತ್ರ ಗೇಟಿನಲ್ಲೇ ಬಿಡಬೇಕು. ಅದು ಸರ್ಕಾರದ ನಿಯಮವಲ್ಲ, ಚಾಚಾ ಮಾಡಿದ್ದು. "ಜೊಂಡಿನಾಗ ಜಂಬುಕೋಳಿ ಮರಿ ಮಾಡ್ಯಾವ್ರಿ. ಬಾಣಂತಿ ಮಲಗಿದ ಮನ್ಯಾಗ ಬೂಟ ಹಾಕ್ಕೊಂಡು ದಬದಬ ಅಡ್ಡಾಡ್ತಾರೇನ್ರಿ?" ಎನ್ನುತ್ತಿದ್ದರು. ಬಿಸಿಲೇರಿದರೆ ಬಂದವರ ಕಾಲು ಸುಡಬಾರದೆಂದು ತಾವೇ ಬಕೆಟ್ಟಿನಲ್ಲಿ ನೀರು ತಂದು ಹಲಗೆ ತೋಯಿಸುತ್ತಿದ್ದರು.

ಅವರು ಓದಿದ್ದು ಉರ್ದು ಶಾಲೆಯಲ್ಲಿ, ಅದೂ ಮೂರನೇ ಇಯತ್ತೆಯವರೆಗೆ. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಗೇಟಿನ ಬಳಿಯ ಅಭಿಪ್ರಾಯ ಪುಸ್ತಕದಲ್ಲಿ ಜನ ಬರೆದದ್ದನ್ನು ಓದಿ ಹೇಳುವ ಕೆಲಸ ನನ್ನದು, ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಯಾರಾದರೂ ಹೊಗಳಿದ್ದರೆ "ಇನ್ನೊಮ್ಮಿ ಓದ್ರಿ" ಎಂದು ಚಹಾ ತರಿಸುತ್ತಿದ್ದರು.

ಒಂದು ರವಿವಾರ ಕಲಬುರಗಿಯಿಂದ ಬಂದಿದ್ದ ಹೆಂಡತಿಯ ಅಣ್ಣನನ್ನು ಕರೆದುಕೊಂಡು ಹೋದೆ. ದೊಡ್ಡ ನೌಕರಿ, ಹೊಸ ಬೂಟು. ಅಲ್ಲೆಲ್ಲ ನನ್ನ ಮಾತೇ ನಡೆಯುತ್ತದೆಂದು ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದೆ. ಅವನು ಬೂಟು ಬಿಚ್ಚಲು ಒಪ್ಪಲಿಲ್ಲ.

"ಇವತ್ತೊಂದಿನ ಬಿಡ್ರಿ ಚಾಚಾ" ಎಂದೆ.

"ನೀವೇ ಹಿಂಗಂದ್ರ ಹ್ಯಾಂಗ್ರಿ ಮಾಸ್ತರ?" ಎಂದು ಅವರು ಹಾದಿಗೆ ಅಡ್ಡ ನಿಂತರು.

ಹೆಂಡತಿಯ ಅಣ್ಣ ನಕ್ಕ. "ಭಾಳ ಮರ್ಯಾದಿ ಅದಪಾ ನಿನಗ ಇಲ್ಲಿ."

ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ಎಳೆದುಕೊಂಡು ಬರೆದೆ: "ಇಲ್ಲಿನ ಕಾವಲುಗಾರ ಉದ್ಧಟ. ಬಂದವರೊಂದಿಗೆ ಹೇಗೆ ಮಾತನಾಡಬೇಕೆಂದು ಇವನಿಗೆ ತಿಳಿಯದು. ಇಂಥವನನ್ನು ಕೂಡಲೇ ತೆಗೆದುಹಾಕಬೇಕು." ಕೆಳಗೆ ದುಂಡಗೆ ನನ್ನ ಸಹಿ.

ಚಾಚಾ ಹತ್ತಿರ ಬಂದರು. "ಸಿಟ್ಟಾದ್ರೇನ್ರಿ? ಏನ್ ಬರದ್ರಿ, ಓದಿ ಹೇಳ್ರಿ."

ಓದಿದೆ, ಒಂದು ಕಡೆಯೂ ತಡವರಿಸದೆ. "ಇಲ್ಲಿನ ಕಾವಲುಗಾರರು ನಿಷ್ಠಾವಂತರು. ಯಾರ ಮುಲಾಜಿಗೂ ಇವರು ಬಗ್ಗುವವರಲ್ಲ. ಇಂಥವರು ಎಲ್ಲ ಕಡೆ ಬೇಕು."

ಅವರ ಕಣ್ಣು ತುಂಬಿದವು. "ಸಿಟ್ಟಿನ್ಯಾಗೂ ಇಷ್ಟ ಚಂದ ಬರದ್ರಲ್ರಿ" ಎಂದು ಆ ಹಾಳೆಯ ತುದಿ ಮಡಿಸಿ ಗುರುತು ಮಾಡಿಟ್ಟರು.

ತಿಂಗಳೊಪ್ಪತ್ತಿನಲ್ಲಿ ತಪಾಸಣೆಗೆ ಬಂದ ಸಾಹೇಬರಿಗೆ ಆ ಹಾಳೆಯನ್ನು ಚಾಚಾ ತಾವೇ ತೆರೆದು ತೋರಿಸಿದರಂತೆ. ಚಾಚಾ ಅವರದು ಗುತ್ತಿಗೆ ಕೆಲಸ, ಮರುದಿನದಿಂದ ಬರುವುದು ಬೇಡವೆಂದರಂತೆ ಸಾಹೇಬರು. ಸಿಟ್ಟಿನಲ್ಲಿ ಬರೆದೆ, ಅವರದೇನೂ ತಪ್ಪಿಲ್ಲ ಎಂದು ನಾನೊಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತು. ಕೊಡಲಿಲ್ಲ. ಕೊಟ್ಟರೆ ಊರೆಲ್ಲ ಗೊತ್ತಾಗುತ್ತಿತ್ತು, ಅಷ್ಟೇ ಕಾರಣ. ಕೆರೆಯ ಕಡೆ ಹೋಗುವುದನ್ನೇ ಬಿಟ್ಟೆ. ಶಾಲೆಯಲ್ಲಿ ಹಿರಿಯರಿಗೆ ಬಹುವಚನ ಬಳಸಬೇಕೆಂದು ಪಾಠ ಮಾಡುವಾಗ ಕರಿಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಇಂಥ ನಾಚಿಕೆಗೇಡಿ ನಾನು.

ಮೊನ್ನೆ ಕೆಂಭಾವಿ ಸಂತೆಯಲ್ಲಿ ಅವರ ಮಗಳು ಎದುರಾದಳು. ತಪ್ಪಿಸಿಕೊಳ್ಳಲು ಆಗಲಿಲ್ಲ.

"ಅಬ್ಬಾ ತೀರಿಕೊಂಡು ಎರಡ ತಿಂಗಳಾತ್ರಿ ಸರ್" ಎಂದಳು. ಕೈಯಲ್ಲಿದ್ದ ಸಂತೆಚೀಲ ಕೆಳಗಿಟ್ಟೆ.

"ಕೆಲಸ ಹೋಗಿದ್ದಕ್ಕ ಅವರೇನೂ ಅನಲಿಲ್ರಿ. ಸಾಹೇಬ್ರು ಓದಿ ಹೇಳಿದ್ರಂತ. ಮನಿಗಿ ಬಂದು ಒಂದ ಮಾತ ಕೇಳಿದ್ರು, ಮಾಸ್ತರ ನನಗ ಅಂವ ಇಂವ ಅಂತ ಬರದಾರಂತ, ಖರೇನಾ ಬೇಟಿ ಅಂತ. ಇಲ್ಲ ಅಬ್ಬಾ, ಸಾಹೇಬ್ರೇ ತಪ್ಪ ಓದ್ಯಾರ ಅಂದೆ. ಸಮಾಧಾನ ಆದ್ರು." ನನ್ನ ಮುಖ ನೋಡಿದಳು. "ತಪ್ಪೇ ಓದಿದ್ರಲ್ರಿ ಸರ್?"

"ಹೌದವ್ವ" ಎಂದೆ. "ತಪ್ಪ ಓದ್ಯಾರ."