ಅತ್ತೆಯ ಹಂಚು, ನನ್ನ ಸ್ಪಂಜು

ಗೆಳತಿಯರೇ, ಇವತ್ತು ನಾನು ಅತ್ತೆಯ ಕೈಯಿಂದ ಸ್ಪಂಜು ಕಸಿದುಕೊಂಡೆ. ಮದುವೆಯಾಗಿ ಎರಡೇ ತಿಂಗಳು ಅನ್ನುವುದು ನೆನಪಿದ್ದೂ ಕಸಿದುಕೊಂಡೆ. ತವರಿನಿಂದ ನನ್ನ ಜೊತೆ ಬಂದ ಆರು ಮುದ್ದು ಮೀನುಗಳ ಜೀವದ ಪ್ರಶ್ನೆ.

ಅಕ್ವೇರಿಯಂನಿಂದಲೇ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಫಿಲ್ಟರಿನ ಸ್ಪಂಜು ಅದ್ದಿ ಹಿಂಡುತ್ತಿದ್ದೆ. ಅತ್ತೆ ಬಂದು ನೋಡಿದರು.

"ಹೊಲಸು ನೀರಾಗ ಹೊಲಸು ತೊಳ್ಯಾಕತ್ತೀಯಲ್ಲವಾ, ಕೊಡಿಲ್ಲೆ" ಎಂದು ಸ್ಪಂಜು ತೆಗೆದುಕೊಂಡು ಬಟ್ಟೆ ಸೋಪಿಗೆ ಕೈ ಹಾಕಿಯೇಬಿಟ್ಟರು.

"ಬ್ಯಾಡ್ರಿ ಅತ್ಯಾರ. ಮೀನಿನ ಹೊಲಸು ತಿನ್ನೋ ಬ್ಯಾಕ್ಟೀರಿಯಾ ಇದರಾಗ ಇರ್ತಾವ. ಸೋಪು ಹಚ್ಚಿದರ ಅವು ಸಾಯ್ತಾವ, ಆಮ್ಯಾಲೆ ಮೀನೂ ಸಾಯ್ತಾವ."

"ಮನ್ಯಾಗ ಹುಳ ಸಾಕ್ತೀಯೇನು? ದುರ್ಗದಬೈಲ್ ಪ್ಯಾಟಿಗೆ ಹೋದಾಗ ಹೊಸಾದು ತರೂಣ ತಗೋ."

ಕಸಿದುಕೊಂಡದ್ದು ಆಗಲೇ. ಮರುಕ್ಷಣ ನನಗೆ ರೊಟ್ಟಿ ಹಂಚು ನೆನಪಾಯಿತು. ಬಂದ ಹೊಸದರಲ್ಲಿ ಅತ್ತೆಯನ್ನು ಮೆಚ್ಚಿಸಲು ಅವರ ಕರಿ ಹಂಚನ್ನು ಸೋಪು ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿಟ್ಟಿದ್ದೆ. ಮೂರು ದಿನ ರೊಟ್ಟಿ ಹಂಚು ಬಿಟ್ಟು ಏಳಲಿಲ್ಲ, ಅತ್ತೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

"ಇದೂ ನಿಮ್ಮ ಹಂಚಿನಂಗ ರೀ ಅತ್ಯಾರ. ಪಳಗೇತಿ. ಸೋಪು ತಾಗಿದರ ಕೆಡ್ತೈತಿ."

ಅತ್ತೆ ಸೋಪು ಕೆಳಗಿಟ್ಟರು. "ಮದ್ಲ ಹಂಗ ಹೇಳಬೇಕಿಲ್ಲೇನವಾ?"

ಸಂಜೆ ಆಫೀಸಿನಿಂದ ಬಂದ ನನ್ನ ಗಂಡ ಗಾಜಿನೊಳಗೆ ಇಣುಕಿ, "ಸ್ಪಂಜು ಇನ್ನೂ ಹೊಲಸೈತಲ್ಲ, ಸೋಪು ಹಚ್ಚಿ ತೊಳೀಲೇನು?" ಅಂದರು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಕೈ ಹಚ್ಚಬ್ಯಾಡ. ನಿನಗ ಹಂಚಿಂದೂ ತಿಳಿಯಂಗಿಲ್ಲ, ಇದೂ ತಿಳಿಯಂಗಿಲ್ಲ."

ಆರೂ ಮೀನು ಕ್ಷೇಮ. ಹಂಚು ತಿಕ್ಕಿದ್ದಕ್ಕೆ ಮಾತ್ರ ನನಗಿನ್ನೂ ಕ್ಷಮೆ ಸಿಕ್ಕಿಲ್ಲ.