ಗದ್ದ ಮುಚ್ಚಿಕೊಂಡು ಹೈದರಾಬಾದಿಗೆ

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೈದರಾಬಾದಿನ ಕಡೆ ಹೋಗುವ ಪ್ಯಾಸೆಂಜರ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಹೀರಾಬಾಯಿ ಕಿಟಕಿ ಪಕ್ಕ ಕೂತು, ಎದುರಿನ ಸೀಟಿನ ಮೇಲೆ ಟವೆಲ್ಲು, ಬುತ್ತಿಗಂಟು, ಕೊನೆಗೆ ಜಾಗ ಸಾಲದೆ ತನ್ನ ಚಪ್ಪಲಿಯನ್ನೂ ಹರವಿ ಇಟ್ಟಿದ್ದಾರೆ. ಚಪ್ಪಲಿ ನೋಡಿ ಪಕ್ಕದಾಕೆ ಮುಖ ಸಿಂಡರಿಸುತ್ತಾಳೆ. ಸಿಂಡರಿಸಲಿ. ಮಳಖೇಡ ರೋಡಿನಲ್ಲಿ ಒಬ್ಬರು, ಸೇಡಂನಲ್ಲಿ ಒಬ್ಬರು ಹತ್ತುವವರಿದ್ದಾರೆ. ಅವರಿಗೆ ಸೀಟು ಹಿಡಿಯುವುದು ಹೀರಾಬಾಯಿಯ ಕೆಲಸದಲ್ಲೇ ಸೇರಿದೆ.

ಈ ಕೆಲಸಕ್ಕೆ ಒಂದು ಹೆಸರಂತ ಇಲ್ಲ. ವಾಡಿ, ಚಿತ್ತಾಪುರ, ಶಹಾಬಾದ, ಸೇಡಂ, ಅತ್ತ ಚಿಂಚೋಳಿಯವರೆಗೆ, ಗದ್ದ ಮೀಸೆಯ ಜಾಗದಲ್ಲಿ ಗಂಡಸರ ಹಾಗೆ ಕೂದಲು ಬರುವ ಹೆಣ್ಣುಮಕ್ಕಳನ್ನು ಹೈದರಾಬಾದಿನ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದೊಯ್ದು, ಲೇಸರ್ ಮಾಡಿಸಿ, ರಾತ್ರಿಯೊಳಗೆ ಮನೆ ಮುಟ್ಟಿಸುವುದು. ಒಂಟಿ ಹುಡುಗಿಯನ್ನು ಮನೆಯವರು ಅಷ್ಟು ದೂರ ಕಳಿಸುವುದಿಲ್ಲ. ಮನೆಯವರನ್ನು ಜೊತೆಗೆ ಕರೆದೊಯ್ಯಲು ಹುಡುಗಿಗೆ ನಾಚಿಕೆ. ಹಾಗಾಗಿ ನಡುವೆ ಹೀರಾಬಾಯಿ. ಓಣಿಯವರು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಕಣ್ಣಿನ ಡಾಕ್ಟರಿಗಿ ತೋರಸಬೇಕ್ರಿ." ನಮ್ಮ ಈ ಭಾಗದಲ್ಲಿ ಇಷ್ಟೊಂದು ಹುಡುಗಿಯರ ಕಣ್ಣು ಯಾಕೆ ಕೆಟ್ಟಿವೆ ಎಂದು ಈವರೆಗೆ ಯಾರೂ ತಲೆ ಕೆಡಿಸಿಕೊಂಡಂತಿಲ್ಲ.

ಇವತ್ತು ಮಾತ್ರ ಒಂದು ವ್ಯತ್ಯಾಸವಿದೆ. ಹೀರಾಬಾಯಿಯೂ ಸೆರಗು ಎಳೆದು ಗದ್ದ ಮುಚ್ಚಿಕೊಂಡಿದ್ದಾರೆ. ಅದರ ಕೆಳಗೆ ತಿಂಗಳಿಂದ ದಾರ ಹಾಕಿ ಕೀಳದೆ ಬಿಟ್ಟ ಗಡ್ಡವಿದೆ. ಏಳೆಂಟು ವರ್ಷ ಬೇರೆಯವರನ್ನು ಒಳಗೆ ಕಳಿಸಿ ಹೊರಗಿನ ಬೆಂಚಿನಲ್ಲಿ ಕಾದವರು, ಇವತ್ತು ಸೆರಗು ಸರಿಸಿ "ನಂದೂ ಹೋಗ್ತದೇನ್ರಿ?" ಎಂದು ಕೇಳಬೇಕು ಅಂದುಕೊಂಡಿದ್ದಾರೆ. ಎದುರಿಗೆ ಹೋದಾಗ ಬಾಯಿ ಬರುತ್ತದೋ ಇಲ್ಲವೋ, ಅದು ಅವರಿಗೇ ಗೊತ್ತಿಲ್ಲ.

ಊರು ಕಾಗಿಣಾ ದಂಡೆಯ ದಂಡೋತಿ. ಅಂಬಿಗರ ಮನೆತನ. ಮದುವೆಯಾಗಿ ವಾಡಿಗೆ ಬಂದರು. ಗಂಡ ಅಯ್ಯಪ್ಪ ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಗಾರ. ಮದುವೆಯಾದ ವರ್ಷವೇ ಗದ್ದದ ಮೇಲೆ ನಾಲ್ಕು ಕರಿ ಕೂದಲು ಮೂಡಿದವು. ಕಿತ್ತು ಎಸೆದರು. ನಾಲ್ಕಿದ್ದದ್ದು ಗದ್ದವೆಲ್ಲ ಹಬ್ಬಿತು. ಒಂದು ದಿನ ಪಕ್ಕದ ಮನೆಯ ಇಮಾಮ್ಬೀ ಈ ಹೆಣ್ಣುಮಗಳು ಬಚ್ಚಲಲ್ಲಿ ಕೂತು ಅಳುವುದನ್ನು ಕಂಡು, ಹೊಲಿಗೆ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎರಡೂ ಕೈಯಲ್ಲಿ ತಿರುಚಿ, ಕೂದಲನ್ನು ಬುಡಸಮೇತ ಕೀಳುವ ವಿದ್ಯೆ ಹೇಳಿಕೊಟ್ಟರು.

"ಮೊದ್ಲ ನನ್ನ ಮೋತಿ ಮ್ಯಾಲ ಕಲತೆ. ಆಮ್ಯಾಲ ಮಂದಿ ಮೋತಿ ಸಿಕ್ಕು," ಎಂದು ಹೀರಾಬಾಯಿ ತನ್ನ ಮುಖ ತೋರಿಸಿ ನಗುತ್ತಾರೆ. ತೊಂಬತ್ತರ ದಶಕದ ಉದ್ದಕ್ಕೂ ರೈಲ್ವೆ ಕ್ವಾರ್ಟರ್ಸು, ಸಿಮೆಂಟ್ ಕಾಲೊನಿ, ಗಾಡಿ ಹತ್ತಿ ನಾಲವಾರ, ಎಲ್ಲ ಕಡೆಯೂ ಮನೆಮನೆಗೆ ಹೋಗಿ ಹುಬ್ಬು, ಮೇಲ್ತುಟಿ, ಗದ್ದ ತಿದ್ದಿದರು. ಮಧ್ಯಾಹ್ನ ಗಂಡಸರು ಡ್ಯೂಟಿಗೆ ಹೋದ ಹೊತ್ತು, ಅಡುಗೆಮನೆಯ ಬಾಗಿಲು ಹಾಕಿಕೊಂಡು ನಡೆಯುವ ಕೆಲಸ ಅದು. ಕಣ್ಣಲ್ಲಿ ನೀರು ಬರುವಷ್ಟು ಉರಿದರೂ ಯಾರೂ ಕೂಗುವ ಹಾಗಿಲ್ಲ.

ಇಷ್ಟು ವರ್ಷ ಹೀರಾಬಾಯಿ ಗಂಡ ಏಳುವ ಮೊದಲೇ ಎದ್ದು, ಹಿತ್ತಲ ಮಬ್ಬಿನಲ್ಲಿ ಕೈಯಾಡಿಸಿ ಕೈಯಾಡಿಸಿ ತನ್ನ ಗದ್ದ ನುಣ್ಣಗೆ ಮಾಡಿಕೊಂಡರು. ಕಳೆದ ತಿಂಗಳು ದಾರ ಬಿಟ್ಟಮೇಲೆ ಮೂತಿ ಮುಚ್ಚಿಕೊಂಡೇ ರೊಟ್ಟಿ ಬಡಿಯುವುದನ್ನು ನೋಡಿ ಅಯ್ಯಪ್ಪ, "ಸೆರಗ ತೆಗಿ, ಒಲಿಗಿ ಹತ್ತೀತು. ನಂಗ ಲಗ್ನಾದ ವರ್ಷದಾಗ ಗೊತ್ತಾಗ್ಯಾದ," ಅಂದರಂತೆ. ಹೀರಾಬಾಯಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಗೊತ್ತಿದ್ರ ಆವಾಗೇ ಹೇಳಬಾರದೇನ್ರಿ? ಎಷ್ಟ ನಿದ್ದಿ ಕಳ್ಕೊಂಡೀನಿ ನಾ!"

ಹಾಗಾದರೆ ಇನ್ನು ಯಾರಿಗಾಗಿ ಈ ಆಸೆ? ಮಕ್ಕಳು ದೊಡ್ಡವರಾಗಿದ್ದಾರೆ, ಗಂಡನಿಗೆ ಗೊತ್ತಿದೆ, ವಯಸ್ಸು ಐವತ್ತರ ಹತ್ತಿರ. "ನನಗರೀ," ಅನ್ನುತ್ತಾರೆ ಅವರು ಥಟ್ಟನೆ. "ಖಾಲಿ ಕುಂತಾಗ ಕೈ ತಾನಾ ಗದ್ದಕ್ಕ ಹೋಗ್ತದ. ಹ್ವಾದಾಗ ಮುಳ್ಳ ಹತ್ತಬಾರದು. ಇಷ್ಟ ನೋಡ್ರಿ. ದಂಡೋತ್ಯಾಗ ಸಣ್ಣಾಕಿದ್ದಾಗ ಹೊಳಿ ನೀರಾಗ ಮೋತಿ ಮುಳಗಸಿ ಒರಸ್ಕೊತಿದ್ದೆ. ಹಂಗ ಒಮ್ಮಿ ಒರಸ್ಕೋಬೇಕು."

ಲೇಸರಿನ ಸುದ್ದಿ ಅವರ ಕಿವಿಗೆ ಬಿದ್ದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಮಳಖೇಡದ ಸಿಮೆಂಟ್ ಕಾಲೊನಿ ಆದಿತ್ಯನಗರದ ಒಬ್ಬ ಅಧಿಕಾರಿಯ ಹೆಂಡತಿ ಜೊತೆಗೆ ಬಾ ಎಂದು ಕರೆದೊಯ್ದಿದ್ದರು. ತನ್ನ ಗಿರಾಕಿಯನ್ನು ತಾನೇ ಕಳೆದುಕೊಳ್ಳಲು ಹೋದ ಹಾಗೆ ಆಯಿತಲ್ಲ ಅಂದರೆ ಅವರು ಭುಜ ಹಾರಿಸುತ್ತಾರೆ. ಆಕೆ ಹೊರಗೆ ಬಂದು ಕನ್ನಡಿ ನೋಡಿಕೊಂಡ ರೀತಿ ಹೀರಾಬಾಯಿಯ ಎದೆಯಲ್ಲಿ ಕೂತುಬಿಟ್ಟಿತು. ತನಗೆ ಎಂದು ಹೇಳದೆ, ಏನೇನು ಮಾಡಬೇಕು ಎಂದು ಅಂದೇ ಕೇಳಿದರು. ಡಾಕ್ಟರಮ್ಮ ಹೇಳಿದ್ದು ಒಂದೇ: ತಿಂಗಳೊಪ್ಪತ್ತು ದಾರ ಬಿಡಬೇಕು, ಬೇರು ಒಳಗಿರಬೇಕು.

ಅಲ್ಲೇ ಇತ್ತು ತೊಡಕು. ಬೇರೆ ಹೆಂಗಸರು ಮನೆಯಲ್ಲಿ ಸೆರಗು ಹೊದ್ದು ಕೂತರೆ ಆದೀತು. ದಾರದ ಕೆಲಸ ಮಾಡುವಾಕೆ ಗಡ್ಡ ಬಿಟ್ಟುಕೊಂಡು ಯಾರ ಮನೆಗೆ ಹೋಗಬೇಕು? ಬ್ಲೇಡ್ ಆಡಿಸಿದರೂ ಮಧ್ಯಾಹ್ನಕ್ಕೆ ಮುಳ್ಳು ಏಳುತ್ತದೆ, ಮುಖಕ್ಕೆ ಮುಖ ಹತ್ತಿರ ತಂದು ಮಾಡುವ ಕೆಲಸದಲ್ಲಿ ಅದನ್ನು ಮುಚ್ಚಿಡಲಾಗದು. "ನನ್ನ ಮೋತಿ ನೋಡಿ ಮಂದಿ ತಮ್ಮ ಮೋತಿ ಕೊಡ್ತಿದ್ರು ನನಗ," ಅನ್ನುತ್ತಾರೆ. ವರ್ಷ ಒಂದಾಯಿತು, ಎರಡಾಯಿತು, ಇನ್ನೊಬ್ಬರನ್ನು ಕರೆದೊಯ್ಯುವುದೇ ಆಯಿತು. ಈಗ ವಾಡಿಯಲ್ಲಿ ಬ್ಯೂಟಿ ಪಾರ್ಲರ್ ಬಂದಿದೆ. ಹುಡುಗಿಯರು ತಿರುಗುವ ಕುರ್ಚಿಯಲ್ಲಿ ಕೂರಲು ಅಲ್ಲಿಗೇ ಹೋಗುತ್ತಾರೆ. ಗಿರಾಕಿ ಕಡಿಮೆಯಾದಮೇಲೆ ಹೀರಾಬಾಯಿಗೆ ಗಡ್ಡ ಬಿಡುವ ಸ್ವಾತಂತ್ರ್ಯ ಸಿಕ್ಕಿತು. ಅಷ್ಟರಲ್ಲಿ ಕೂದಲಿಗೆ ವಯಸ್ಸಾಗಿತ್ತು. ಲೇಸರ್ ಹಿಡಿಯುವುದು ಕರಿ ಕೂದಲನ್ನು ಮಾತ್ರ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ತನ್ನದರಲ್ಲಿ ಕರಿ ಎಷ್ಟು ಉಳಿದಿದೆ ಎಂದು ತಿಂಗಳಿಂದ ಕನ್ನಡಿಯನ್ನು ನೋಡಿಲ್ಲ. ಹೆದರಿಕೆ.

ಮಳಖೇಡ ರೋಡಿನಲ್ಲಿ ಪದ್ಮಜಾ ಹತ್ತುತ್ತಾರೆ. ಆದಿತ್ಯನಗರದ ಕ್ವಾರ್ಟರ್ಸಿಗೆ ಹೋದ ವರ್ಷ ಸೊಸೆಯಾಗಿ ಬಂದವರು. ಇವತ್ತೇ ಮೊದಲ ಸಲ. ಹೀರಾಬಾಯಿ ಅವರ ಸೆರಗನ್ನು ಮೆಲ್ಲಗೆ ಸರಿಸಿ ನೋಡಿ, ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. ಗದ್ದ ಕನ್ನಡಿಯ ಹಾಗಿದೆ.

"ಡಾಕ್ಟರ ಮುಂದ ಹಂಗ ಹೆಂಗ ಹೋಗ್ಲಿಕ್ಕೆ ಬರ್ತದ್ರಿ? ಅಸಹ್ಯ ಕಾಣ್ತದ. ನಿನ್ನೆ ಸಂಜೀಕ ಎಲ್ಲಾ ತಗಿಸ್ಕೊಂಡೆ," ಎಂದು ಪದ್ಮಜಾ ಸಣ್ಣ ದನಿಯಲ್ಲಿ ಹೇಳುತ್ತಾರೆ.

"ಅಯ್ಯ ನಮ್ಮವ್ವ! ಬೇರಿನಾಗ ಕೂದ್ಲ ಇದ್ರ ಮಷಿನ್ ಸುಡ್ತದ. ಕಿತ್ತಿ ಬಂದ್ರ ಏನ್ ಸುಡಬೇಕ್ರಿ ಅದು? ಭಾಳ ನಾಚ್ಕಿ ಆದ್ರ ಬ್ಲೇಡ್ ಆಡಸ್ರಿ, ದಾರ ಮುಟ್ಟಬ್ಯಾಡ್ರಿ ಅಂತ ಬಡ್ಕೊಂಡಿದ್ನಿಲ್ಲ?"

"ಬ್ಲೇಡ? ಹೆಂಗಸರ ಮುಖಕ್ಕ?" ಪದ್ಮಜಾ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ನಮ್ಮ ಸೀಮೆಯ ಹೆಣ್ಣುಮಕ್ಕಳು ಮೇಲಿಂದ ಮೇಲೆ ಮಾಡುವ ತಪ್ಪು ಇದು. ಯಾರ ಎದುರಿಗೇ ಆಗಲಿ ನೆಟ್ಟಗೆ ಹೋಗಬೇಕು ಎಂದು ಕೇಳಿ ಬೆಳೆದವರು. ಬೀಗರು ಬರುವ ಮೊದಲು ಅಂಗಳ ಗುಡಿಸಿದ ಹಾಗೆ, ಡಾಕ್ಟರಿಗೆ ತೋರಿಸುವ ಮೊದಲು ತೋರಿಸಬೇಕಾದದ್ದನ್ನೇ ಗುಡಿಸಿ ಬರುತ್ತಾರೆ. ಬ್ಲೇಡು ಗಂಡಸರದ್ದು, ಅದನ್ನು ಮುಟ್ಟಿಸಿದರೆ ಕೂದಲು ದಪ್ಪ ಬರುತ್ತದೆ ಎಂಬ ಅಂಜಿಕೆ ಬೇರೆ. ಹಾಗೇನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ಹೇಳಿ ಸೋತಿದ್ದಾರೆ.

"ಇರ್ಲಿ, ಅಳಬ್ಯಾಡ್ರಿ. ಇವತ್ತ ತೋರಸ್ರಿ, ರಕ್ತ ತಪಾಸ್ ಮಾಡಸ್ರಿ. ಮೈಯಾಗ ಹಾರ್ಮೋನ್ ಏರುಪೇರ ಇದ್ರ ಅದಕ್ಕ ಔಷಧ ಬೇರೆ ಅದ," ಎಂದು ಹೀರಾಬಾಯಿ ಪಕ್ಕಕ್ಕೆ ಕೂರಿಸಿಕೊಂಡು, ಒಳಗೆ ಏನೇನು ಆಗುತ್ತದೆಂದು ಹೇಳಲು ಶುರು ಮಾಡುತ್ತಾರೆ. ಕಣ್ಣಿಗೆ ಕಪ್ಪು ಚಷ್ಮಾ ಹಾಕುತ್ತಾರೆ, ಗದ್ದಕ್ಕೆ ತಣ್ಣನೆಯ ಜೆಲ್ ಹಚ್ಚುತ್ತಾರೆ, ಆಮೇಲೆ ಚಟ್ ಚಟ್ ಅಂತ ರಬ್ಬರ್ ಎಳೆದು ಬಿಟ್ಟ ಹಾಗಾಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಚರ್ಮ ಕೆಂಪಾಗಿ ಒಂದೆರಡು ದಿನಕ್ಕೆ ಇಳಿಯುತ್ತದೆ. "ವಾರ ಹದಿನೈದ ದಿನಕ್ಕ ಮತ್ತ ಕೂದ್ಲ ಬಂದಂಗ ಕಾಣ್ತದ. ಗಾಬರಿ ಆಗಬ್ಯಾಡ್ರಿ, ಸುಟ್ಟಿದ್ದು ಉದರಾಕತ್ತಿರ್ತದ. ಒಂದ ಸಲಕ್ಕ ಮುಗಿಯಂಗಿಲ್ಲ. ಐದಾರ ಸಲ ಹೋಗಬೇಕು, ಆಮ್ಯಾಲೂ ನಡುನಡುವ ಬರಬೇಕಾಗ್ತದ. ಒಂದೂ ಉಳಿಯಂಗಿಲ್ಲ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಕಮ್ಮಿ ಆಗ್ತಾವ, ತೆಳ್ಳಗ ಆಗ್ತಾವ. ಮತ್ತ ಬಿಸಲಾಗ ಅಡ್ಡಾಡಬ್ಯಾಡ್ರಿ, ಕಲಿ ಬೀಳ್ತಾವ."

"ನಮ್ಮೂರಾಗ ಬಿಸಲ ಬಿಟ್ಟು ಎಲ್ಲಿ ಅಡ್ಡಾಡಬೇಕ್ರಿ?" ಎಂದು ಪದ್ಮಜಾ ಕಣ್ಣೊರೆಸಿಕೊಂಡೇ ಕೇಳುತ್ತಾರೆ. ಇಬ್ಬರೂ ನಗುತ್ತಾರೆ.

ಇಷ್ಟೆಲ್ಲ ಹೀರಾಬಾಯಿ ಕಲಿತದ್ದು ಆ ಬೆಂಚಿನ ಮೇಲೆ, ಒಳಗಿಂದ ಬಂದವರ ಬಾಯಿಂದ. ಹೇಗಿತ್ತು, ಎಲ್ಲಿ ಉರಿಯಿತು ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. ಮುಂದಿನವರಿಗೆ ಹೇಳಲು ಬೇಕು ಎಂಬುದು ನೆಪ. ಕೇಳುವಾಗ ಅವರ ಕೈ ತನ್ನ ಗದ್ದದ ಮೇಲೇ ಇರುತ್ತಿತ್ತು.

ಸೇಡಂನಲ್ಲಿ ಹತ್ತಿದ ಶ್ರೀವಾಣಿ ಇದನ್ನು ಎಂದೋ ಗಮನಿಸಿದವರು. ಹೈಸ್ಕೂಲ್ ಮಾಸ್ತರರ ಮಗಳು. ಅವರ ಚಿಕಿತ್ಸೆ ಮುಗಿಯುತ್ತ ಬಂದಿದೆ. ಓಣಿಯ ಹೆಂಗಸರೆದುರು ದುಪಟ್ಟಾ ಇಲ್ಲದೆ ನಗುತ್ತಾರೆ. ಹೀರಾಬಾಯಿಯನ್ನು ಚಿಕ್ಕಮ್ಮನಂತೆ ಮೌಶಿ ಎಂದು ಕರೆಯುವ ಈ ಹುಡುಗಿಯ ಕಾಟಕ್ಕೇ ಅವರು ದಾರ ಬಿಟ್ಟದ್ದು. ಪದ್ಮಜಾರ ಕಥೆ ಕೇಳಿದವರೇ, "ಹಂಗಾದ್ರ ಅವರ ಪಾಳಿ ಖಾಲಿ ಆತಲ್ಲ ಮೌಶಿ. ನೀವು ಮಲಕೋರಿ," ಎಂದು ಹಟ ಹಿಡಿಯುತ್ತಾರೆ. ಹೀರಾಬಾಯಿ ಬುತ್ತಿಗಂಟು ಬಿಚ್ಚಿ ಇಬ್ಬರ ಕೈಗೂ ರೊಟ್ಟಿ ಕೊಡುತ್ತಾರೆ.

ಆಸ್ಪತ್ರೆಯಲ್ಲಿ ಪಾಳಿ ಕೂಗಿದಾಗ ಅವರು ಅಭ್ಯಾಸದಂತೆ ಬೆಂಚಿನ ಮೇಲೆ ಕೂತಿರುತ್ತಾರೆ. ಶ್ರೀವಾಣಿ ಕೈ ಹಿಡಿದು ಎಬ್ಬಿಸುತ್ತಾರೆ. ಎಷ್ಟೋ ಜನರಿಗೆ ವರ್ಣಿಸಿದ ಆ ಕೋಣೆಯನ್ನು, ಆ ಮಂಚವನ್ನು ಹೀರಾಬಾಯಿ ನೋಡುತ್ತಿರುವುದು ಇದೇ ಮೊದಲು. ಮಲಗಿ, ಸೆರಗು ತಾವೇ ಸರಿಸುತ್ತಾರೆ. ಡಾಕ್ಟರಮ್ಮ ದೀಪ ಹತ್ತಿರ ತಂದು, ಗದ್ದ ಅತ್ತ ಇತ್ತ ಹೊರಳಿಸಿ ಬಹಳ ಹೊತ್ತು ನೋಡುತ್ತಾರೆ. ಅಷ್ಟು ಹೊತ್ತು ನೋಡಿದಾಗಲೇ ಅರ್ಥವಾಯಿತಂತೆ. ಹೆಚ್ಚು ಪಾಲು ಬೆಳ್ಳಗಾಗಿವೆ. ಬಂದ ಮೊದಲ ವರ್ಷವೇ ಮಲಗಿದ್ದರೆ, ಎಂದು ಡಾಕ್ಟರಮ್ಮ ಅರ್ಧಕ್ಕೇ ಮಾತು ನಿಲ್ಲಿಸುತ್ತಾರೆ.

"ಬಿಳಿ ಕೂದ್ಲ ಮಷಿನ್ನಿಗಿ ಕಾಣಂಗಿಲ್ಲಂತ್ರಿ," ಎಂದು ಹೀರಾಬಾಯಿ ಆಮೇಲೆ ಹೇಳುತ್ತಾರೆ. "ಮಂದಿಗಿ ಮಾತ್ರ ಕಾಣ್ತಾವ."

ದವಡೆಯ ಕೆಳಗೆ ಒಂದು ಕಡೆ ರೂಪಾಯಿ ಅಗಲದಷ್ಟು ಜಾಗದಲ್ಲಿ ಕರಿ ಕೂದಲು ಉಳಿದಿವೆ. ಅಷ್ಟನ್ನು ಸುಟ್ಟರೂ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಉಳಿದದ್ದಕ್ಕೆ ದಾರವೇ ಗತಿ, ಏನು ಮಾಡಲಿ ಎಂದು ಡಾಕ್ಟರಮ್ಮ ಕೇಳುತ್ತಾರೆ. "ಮಾಡ್ರಿ," ಅನ್ನುತ್ತಾರೆ ಹೀರಾಬಾಯಿ. ಚಷ್ಮಾ ಹಾಕಿದ ಮೇಲೆ ಎಲ್ಲ ಕತ್ತಲು. ಅವರು ಸರಿಯಾಗಿ ಮಲಗಿಕೊಳ್ಳುವಷ್ಟರಲ್ಲೇ ಮುಗಿದುಹೋಗುತ್ತದೆ.

ಸಂಜೆಯ ಗಾಡಿಯಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದಾರೆ. ಪದ್ಮಜಾಗೆ ಮುಂದಿನ ತಿಂಗಳಿಗೆ ಬರಹೇಳಿದ್ದಾರೆ. ನಾಳೆಯಿಂದ ಮತ್ತೆ ದಾರ ಹಿಡಿಯಬೇಕು ಎಂದು ಹೀರಾಬಾಯಿ ಯಾರಿಗೋ ಎಂಬಂತೆ ಹೇಳುತ್ತಾರೆ. ಹೇಳುವಾಗ ದವಡೆಯ ಆ ಜಾಗವನ್ನು ಕಿಟಕಿಯ ಗಾಳಿಗೆ ಒಡ್ಡಿದ್ದಾರೆ. ಸೆರಗು ಹೆಗಲ ಮೇಲೆ ಬಿದ್ದಿದೆ. ಎದುರಿಗಿದ್ದ ಹೆಂಗಸರು ಆ ಗಡ್ಡವನ್ನು ನೋಡುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಹೀರಾಬಾಯಿ ಮುಚ್ಚಿಕೊಳ್ಳುವುದಿಲ್ಲ.

"ಭಾಳ ಉರೀಲಿಕತ್ತದೇನ್ರಿ?" ಎಂದು ಪದ್ಮಜಾ ಕೇಳುತ್ತಾರೆ. ಶ್ರೀವಾಣಿ ಬಾಟಲಿಯ ನೀರಿನಲ್ಲಿ ಕರವಸ್ತ್ರ ನೆನೆಸಿ, ಹಿಂಡಿ, ಗದ್ದದ ಹತ್ತಿರ ತರುತ್ತಾರೆ.

ಹೀರಾಬಾಯಿ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸುತ್ತಾರೆ.

"ಬ್ಯಾಡವ್ವ, ಆರಸಬ್ಯಾಡ. ವಾಡಿ ತನ ಉರೀಲಿ."