ಅಕ್ಕ ಬಚ್ಚಿಟ್ಟ ಮದರಾಸಿನ ಕಾಗದ

೧೯೮೮ರಲ್ಲಿ ನನ್ನ ಎಡಗಣ್ಣಿನ ರೆಪ್ಪೆ ತಾನಾಗೇ ಮುಚ್ಚಿಕೊಳ್ಳತೊಡಗಿತು. ಜೊತೆಗೆ ತಲೆ ಒಡೆದುಹೋಗುವಂಥ ನೋವು. ಕೊಡಿಗೇನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ನನಗೆ ಸೂಜಿಗೆ ದಾರ ಪೋಣಿಸಲೂ ಆಗದಾಯಿತು. ಮಧುಗಿರಿಯ ಡಾಕ್ಟರು, ಮಿದುಳಿನ ರಕ್ತನಾಳದಲ್ಲಿ ತೊಂದರೆ ಇರಬಹುದೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ನಾಳದ ಎಕ್ಸ್‌ರೇಗೆಂದು ಔಷಧಿ ಚುಚ್ಚುತ್ತಿದ್ದಂತೆ ಗಂಟಲು ಊದಿಕೊಂಡಿತು. ಇನ್ನೊಮ್ಮೆ ಆ ಔಷಧಿ ಕೂಡದೆಂದರು.

ಉಳಿದದ್ದು ಮದರಾಸಿನ ಒಂದು ಆಸ್ಪತ್ರೆಯಲ್ಲಿದ್ದ, ಔಷಧಿ ಚುಚ್ಚದೆ ತಲೆಯೊಳಗಿನ ಚಿತ್ರ ತೆಗೆಯುವ ಅಯಸ್ಕಾಂತದ ಮಿಷನ್ನು. ಜೊತೆಗೆ ಬಂದವಳು ಪಾವಗಡದ ನನ್ನ ಅಕ್ಕ. ಅಮ್ಮ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಕೊಳವೆಯೊಳಗೆ ಮಲಗಿ, ಆ ದಡದಡ ಸದ್ದಿನ ನಡುವೆ ಗೊರವನಹಳ್ಳಿ ಮಹಾಲಕ್ಷ್ಮಿಯನ್ನು ನೆನೆದೆ.

ಚಿತ್ರ ಸರಿ ಬರಲಿಲ್ಲ. ಕನ್ನಡ ಬಲ್ಲ ಡಾಕ್ಟರೊಬ್ಬರು ಹೇಳಿದರು: "ರಕ್ತ ರಭಸವಾಗಿ ಹರಿಯೋ ಕಡೆ ಕಲಸಿಹೋಗಿದೆ. ಹರಿಯೋ ರಕ್ತವೇ ಬೆಳ್ಳಗೆ ಕಾಣೋ ಹಾಗೆ ಹೊಸ ವಿಧಾನ ಸಿದ್ಧ ಮಾಡ್ತಿದ್ದೀವಿ. ಆದ ತಕ್ಷಣ ಕಾಗದ ಹಾಕ್ತೀವಿ. ತಡ ಮಾಡಬೇಡಿ."

ಭಾವನಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ಅಕ್ಕನ ಮನೆಯ ವಿಳಾಸ ಕೊಟ್ಟೆವು.

ತಿಂಗಳಿಗೊಮ್ಮೆ ಬಸ್ಸು ಹತ್ತಿ ಪಾವಗಡಕ್ಕೆ ಹೋಗಿ ಕೇಳುತ್ತಿದ್ದೆ. "ಬಂದಿಲ್ಲ ಕಣಮ್ಮಿ. ಬಂದ್ರೆ ನಾನೇ ಓಡ್ಬತ್ತೀನಿ" ಅನ್ನುತ್ತ ಅಕ್ಕ ತಟ್ಟೆಗೆ ಮುದ್ದೆ ಇಡುತ್ತಿದ್ದಳು. ಹೀಗೇ ವರ್ಷ ಕಳೆಯಿತು. ಒಂದು ಶುಕ್ರವಾರ ಗೊರವನಹಳ್ಳಿಗೆ ಹೋದವಳು ಕೈಮುಗಿಯಲಿಲ್ಲ. "ಒಂದು ಕಾಗದ ಕೇಳಿದೆ, ಅದನ್ನೂ ಕೊಡಲಿಲ್ಲ. ಇನ್ನು ಬರಲ್ಲ" ಅಂದುಬಿಟ್ಟೆ.

ವಾಪಸು ಬರುವಾಗ ಕೊರಟಗೆರೆ ಹತ್ತಿರ ಬಸ್ಸು ಕೆಟ್ಟಿತು. ತುಮಕೂರಿನಿಂದ ಬಂದ ಇನ್ನೊಂದು ಬಸ್ಸಿಗೆ ನಮ್ಮನ್ನು ಹತ್ತಿಸಿದರು. ಅದರಲ್ಲಿ ಮಧುಗಿರಿಯ ಡಾಕ್ಟರು ಕೂತಿದ್ದರು.

"ಮದರಾಸಿಗೆ ಯಾಕಮ್ಮ ಹೋಗಲಿಲ್ಲ? ಎರಡು ಸಲ ಕಾಗದ ಹಾಕಿದರೂ ಬರಲಿಲ್ಲ ಅಂತ ನನಗೂ ಬರೆದಿದ್ದರು. ನೀವೇ ಬೇಡ ಅಂದ್ರೇನೋ ಅಂದುಕೊಂಡೆ."

ಮರುದಿನ ಅಕ್ಕನ ಮುಂದೆ ನಿಂತೆ. ಅವಳು ಸುಳ್ಳು ಹೇಳಲಿಲ್ಲ. ಟ್ರಂಕಿನಿಂದ ಎರಡೂ ಕಾಗದ ತೆಗೆದುಕೊಟ್ಟಳು.

"ಮಗಳಿಗೆ ಗಂಡು ನೋಡ್ತಾ ಇದ್ದೀವಿ. ನೀನು ಮತ್ತೆ ಮದರಾಸಿಗೆ ಓಡಾಡಿ, ಮನೇಲಿ ತಲೆ ಕಾಯಿಲೆ ಐತೆ ಅಂತ ಗೊತ್ತಾದ್ರೆ ಯಾರು ಒಪ್ತಾರೆ? ಮದುವೆ ಆದ್ಮೇಲೆ ಕೊಡಾನ ಅಂತಿದ್ದೆ."

"ಅಷ್ಟರಲ್ಲಿ ನಾನು ಸತ್ತಿದ್ರೆ?"

ಎರಡೂ ಕಾಗದ ತೆಗೆದುಕೊಂಡು ಊರಿನ ಬಸ್ಸು ಹತ್ತಿದೆ.

ಆ ವಾರವೇ ಯಜಮಾನರ ಜೊತೆ ಮದರಾಸಿಗೆ ಹೋದೆ. ಈ ಸಲ ಫಿಲಮ್ಮಿನ ಮೇಲೆ ನಾಳಗಳೆಲ್ಲ ಬೆಳ್ಳನೆಯ ಬೇರುಗಳಂತೆ ಸ್ಪಷ್ಟವಾಗಿ ಮೂಡಿದ್ದವು. ಕಣ್ಣಿನ ಹಿಂದೆ ಒಂದು ನಾಳ ಕಡಲೆಕಾಳಿನಷ್ಟು ಉಬ್ಬಿತ್ತು. ಯಾವಾಗ ಬೇಕಾದರೂ ಒಡೆಯಬಹುದಿತ್ತು ಅಂದರು. ಆಪರೇಷನ್ ಆಯಿತು. ನಿಧಾನವಾಗಿ ರೆಪ್ಪೆ ತೆರೆಯಿತು.

ಬಾಯಿಗೆ ಬಂದಂತೆ ಬೈದುಬಂದ ದಿನವೇ ಮಹಾಲಕ್ಷ್ಮಿ ತಾಯಿ ನನಗೆ ದಾರಿ ತೋರಿಸಿದಳು. ಕೈ ಬಿಟ್ಟವಳು ಅವಳೆಂದುಕೊಂಡಿದ್ದೆ. ಬಿಟ್ಟವರು ಬೇರೆಯೇ ಇದ್ದರು. ಭಕ್ತರೇ, ಈಗ ಶುಕ್ರವಾರ ತಪ್ಪದೆ ಗುಡಿಗೆ ಹೋಗುತ್ತೇನೆ. ಅಕ್ಕನ ಮಗಳ ಮದುವೆಗೂ ಹೋಗಿ ಅಕ್ಷತೆ ಹಾಕಿ ಬಂದೆ, ಊಟಕ್ಕೆ ನಿಲ್ಲಲಿಲ್ಲ. ತಾಯಿ ಪ್ರಾಣ ಉಳಿಸಿಕೊಟ್ಟಳು. ಅಕ್ಕನನ್ನು ಕ್ಷಮಿಸುವ ಮನಸ್ಸು ಇನ್ನೂ ಕೊಟ್ಟಿಲ್ಲ. ಅದನ್ನೂ ಅವಳಲ್ಲೇ ಬೇಡುತ್ತಿದ್ದೇನೆ, ಕೊಡುತ್ತಾಳೆಂಬ ನಂಬಿಕೆಯಿದೆ.